ಪೆಂಟೇನ್‌ಗೆ ಮೂರೇ ಸಮಾಂಗಿ ಯಾಕೆ? ಮಗ ಐದು ಬರೆದು ಬಂದಿದ್ದಾನೆ

ಕೊಬ್ಬರಿ ಊರಿನವಳು:
ಎಲ್ಲರಿಗೂ ನಮಸ್ಕಾರ. ಮಗ ಹತ್ತನೇ ಕ್ಲಾಸು, ಕನ್ನಡ ಮೀಡಿಯಂ. ನಾನು ಪಿಯುಸಿಯಲ್ಲಿ ಕಾಮರ್ಸ್ ಓದಿದವಳು. ಈ ಇಂಗಾಲದ ಪಾಠ ಶುರುವಾದಾಗಿನಿಂದ ಮನೆಯಲ್ಲಿ ಇಬ್ಬರಿಗೂ ತಲೆನೋವು.

ಮೊನ್ನೆ ಕಿರುಪರೀಕ್ಷೆಯಲ್ಲಿ "ಪೆಂಟೇನ್‌ನ ರಚನಾ ಸಮಾಂಗಿಗಳನ್ನು ಬರೆಯಿರಿ" ಅಂತ 3 ಅಂಕದ ಪ್ರಶ್ನೆ ಬಂದಿತ್ತು. ಸಮಾಂಗಿ ಅಂದರೆ ಪರಮಾಣುಗಳ ಲೆಕ್ಕ ಅದೇ, ಜೋಡಣೆ ಮಾತ್ರ ಬೇರೆ ಅಂತೆ. ಇವನು ಐದು ಬರೆದಿದ್ದಾನೆ. ಸಿಕ್ಕಿದ್ದು 1 ಅಂಕ. ಐದು ಇಂಗಾಲ ಸಾಲಾಗಿ ಇರುವುದು ಒಂದು. ಅದೇ ಸಾಲು, ಕೊನೆಯ ಇಂಗಾಲ ಮಾತ್ರ ಕೆಳಕ್ಕೆ ಬಾಗಿರುವುದು ಇನ್ನೊಂದು. ನಾಲ್ಕರ ಸಾಲಿಗೆ ಎಡಗಡೆಯಿಂದ ಎರಡನೆಯದಕ್ಕೆ ಕೊಂಬೆ, ಮತ್ತೊಂದರಲ್ಲಿ ಬಲಗಡೆಯಿಂದ ಎರಡನೆಯದಕ್ಕೆ ಕೊಂಬೆ. ಐದನೆಯದು ಮಧ್ಯೆ ಒಂದು, ಸುತ್ತ ನಾಲ್ಕು. ನಾನೇ ಕೂತು ಎಣಿಸಿದೆ. ಎಲ್ಲದರಲ್ಲೂ ಇಂಗಾಲ 5, ಜಲಜನಕ 12. ಚಿತ್ರ ನೋಡಿದರೆ ಐದೂ ಬೇರೆ ಬೇರೆ ಥರ ಇವೆ. ಟೀಚರ್ ಕೆಂಪು ಪೆನ್ನಲ್ಲಿ "ಮೂರೇ" ಅಂತ ಬರೆದು ಬಿಟ್ಟಿದ್ದಾರೆ, ಯಾಕೆ ಅಂತ ಇಲ್ಲ. ಯಾರಾದರೂ ಸುಲಭವಾಗಿ ಹೇಳ್ತೀರಾ?

ಹುಬ್ಬಳ್ಳಿ ಹುಡುಗ:
ಅಕ್ಕಾರ, 1 ಮತ್ತು 2 ಒಂದೇ. 3 ಮತ್ತು 4 ಒಂದೇ. ಹಂಗಾಗಿ ಮೂರು. ಇಷ್ಟೇ ಕಥಿ.

ಕೊಬ್ಬರಿ ಊರಿನವಳು:
ಒಂದೇ ಅಂತ ಟೀಚರ್ ಕೂಡ ಹೇಳಿದ್ದಾರೆ ತಮ್ಮಾ. ಯಾಕೆ ಒಂದೇ ಅನ್ನೋದು ನನ್ನ ಪ್ರಶ್ನೆ. ಬಾಗಿರೋದು ನೆಟ್ಟಗಿರೋದು ಒಂದೇ ಹೇಗಾಗುತ್ತೆ?

ನಿವೃತ್ತ ಮೇಷ್ಟ್ರು:
ತಾಯಿ, ಇದು ಪ್ರತಿ ವರ್ಷದ ಕಥೆ. ನಾನು ಹೈಸ್ಕೂಲಿನಲ್ಲಿ ಪಾಠ ಮಾಡಿದಷ್ಟು ವರ್ಷವೂ ಕ್ಲಾಸಿನ ಅರ್ಧ ಮಕ್ಕಳು ಇದನ್ನೇ ಬರೆದಿದ್ದಾರೆ. ತಪ್ಪು ಹುಡುಗನದಲ್ಲ, ಬೋರ್ಡಿನದು. ಅಣುವನ್ನು ಬೋರ್ಡಿನ ಮೇಲೆ ಚಪ್ಪಟೆ ಮಾಡಿ ಬರೆಯುತ್ತೇವೆ. ಮಗು ಚಿತ್ರವನ್ನೇ ಅಣು ಅಂತ ನಂಬುತ್ತದೆ.

ಇವತ್ತು ರಾತ್ರಿ ಒಂದು ಹಿಡಿ ಕಡಲೆಕಾಳು ನೆನೆಹಾಕಿ. ಬೆಳಿಗ್ಗೆ ಉಬ್ಬಿರುತ್ತದೆ. ತೆಂಗಿನ ಕಡ್ಡಿ ಪೊರಕೆಯಿಂದ ನಾಲ್ಕೈದು ಕಡ್ಡಿ ಎಳೆದು ಬೆರಳು ಉದ್ದಕ್ಕೆ ಮುರಿಯಿರಿ. ಕಾಳು ಇಂಗಾಲ, ಕಡ್ಡಿ ಬಂಧ. ಜಲಜನಕ ಸದ್ಯಕ್ಕೆ ಬೇಡ. ಐದು ಕಾಳು ಸಾಲಾಗಿ ಪೋಣಿಸಿ. ಈಗ ಕೊನೆಯ ಕಾಳನ್ನು ಹಿಡಿದು ತಿರುಗಿಸಿ. ಏನೂ ಕಿತ್ತುಹೋಗದೆ ತಿರುಗುತ್ತದೆ ಅಲ್ವಾ? ಒಂಟಿ ಬಂಧ ಅಂದರೆ ಹಾಗೆ. ಅಣು ಇಡೀ ದಿನ ತಿರುಗುತ್ತಲೇ ಇರುತ್ತದೆ. ಈ ಕ್ಷಣ ಬಾಗಿರುತ್ತದೆ, ಮರುಕ್ಷಣ ನೆಟ್ಟಗಿರುತ್ತದೆ. ಕಡ್ಡಿ ಕೀಳದೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದಾದರೆ ಅವೆರಡೂ ಒಂದೇ ಅಣು. ಕಡ್ಡಿ ಕಿತ್ತು ಬೇರೆ ಕಾಳಿಗೆ ಚುಚ್ಚಲೇಬೇಕು ಅಂದರೆ ಆಗ ಮಾತ್ರ ಸಮಾಂಗಿ.

3 ಮತ್ತು 4 ಇನ್ನೂ ಸುಲಭ. ಮಾಡಿದ ಮಾದರಿಯನ್ನು ದೋಸೆ ಮಗುಚಿದ ಹಾಗೆ ಮಗುಚಿ. ಎಡ ಬಲವಾಯಿತು. ಅಷ್ಟೇ.

ಸುಮ್ನೆ ಓದುವವ:
ದೋಸೆ ಮಗುಚಿದ ಹಾಗೆ 😀 ನನಗೆ ಹತ್ತನೇ ಕ್ಲಾಸಿನಲ್ಲಿ ಇಷ್ಟು ಹೇಳಿದ್ದರೆ ಇವತ್ತು ಬಿಕಾಂ ಓದುತ್ತಿರಲಿಲ್ಲ.

ಟ್ಯೂಷನ್ ಅಕ್ಕ:
ಮೇಷ್ಟ್ರು ಹೇಳಿದ್ದು ಸರಿ. ಆದರೆ ಪರೀಕ್ಷೆ ಹಾಲ್‌ಗೆ ಕಡಲೆಕಾಳು ತಗೊಂಡು ಹೋಗೋಕಾಗಲ್ಲ. ಪೆನ್ಸಿಲಲ್ಲೇ ಆಗುವ ಉಪಾಯ ಹೇಳ್ತೀನಿ. ಬರೆದ ಚಿತ್ರದ ಮೇಲೆ ಇರುವೆ ನಡೆಯುತ್ತಿದೆ ಅಂದುಕೊಳ್ಳಿ. ಹಿಂದೆ ತಿರುಗದೆ ಅದು ಎಷ್ಟು ಇಂಗಾಲ ದಾಟಬಹುದು? ಅತಿ ಉದ್ದದ ದಾರಿ ಹುಡುಕಿ. 2ನೇ ಚಿತ್ರದಲ್ಲಿ ಇರುವೆ ಮೂಲೆಯಲ್ಲಿ ತಿರುಗಿ ಐದನ್ನೂ ದಾಟುತ್ತೆ. ಅಂದರೆ ಅದೂ ಐದರ ಸರಪಣಿಯೇ. ಆಮೇಲೆ ಕೊಂಬೆ ಎಷ್ಟನೆಯದಕ್ಕೆ ಅಂತ ಎರಡೂ ತುದಿಯಿಂದ ಎಣಿಸಿ, ಚಿಕ್ಕ ಸಂಖ್ಯೆ ಇಟ್ಟುಕೊಳ್ಳಿ. 3ಕ್ಕೂ 4ಕ್ಕೂ 2-ಮೀಥೈಲ್ ಬ್ಯುಟೇನ್ ಅಂತಲೇ ಹೆಸರು ಬರುತ್ತೆ (ನಾಲ್ಕರ ಸರಪಣಿ ಬ್ಯುಟೇನ್, ಒಂದು ಇಂಗಾಲದ ಕೊಂಬೆ ಮೀಥೈಲ್). ಹೆಸರು ಒಂದೇ ಬಂದರೆ ಅಣು ಒಂದೇ. ನನ್ನ ಮಕ್ಕಳಿಗೆ ಮೊದಲು ಹೆಸರು ಬರೀರಿ, ಆಮೇಲೆ ಸಮಾಂಗಿ ಎಣಿಸಿ ಅಂತೀನಿ.

ಅರ್ಧಂಬರ್ಧ ಇಂಜಿನಿಯರ್:
ಹಾಗಾದ್ರೆ ಮೂರು ಇಂಗಾಲದ ಸಾಲು, ಮಧ್ಯದ ಇಂಗಾಲಕ್ಕೆ ಎರಡು ಇಂಗಾಲದ ಕೊಂಬೆ. 2-ಈಥೈಲ್ ಪ್ರೊಪೇನ್. ಇದು ನಾಲ್ಕನೇ ಸಮಾಂಗಿ ಆಗಲ್ವಾ? ನಿಮ್ಮ ಟೀಚರಿಗೇ ತಪ್ಪು ಹಿಡಿಯಬಹುದು ನೋಡಿ.

ಟ್ಯೂಷನ್ ಅಕ್ಕ:
ಇರುವೆ ಬಿಡಿ ಸರ್ ಅದರ ಮೇಲೆ. ಸಾಲಿನ ತುದಿಯಿಂದ ಹೊರಟು ಮಧ್ಯದಲ್ಲಿ ಕೊಂಬೆಗೆ ತಿರುಗಿದರೆ ನಾಲ್ಕು ದಾಟುತ್ತೆ. ಉದ್ದದ ಸರಪಣಿ ನಾಲ್ಕು, ಉಳಿದದ್ದು ಒಂದು. ಮತ್ತೆ 2-ಮೀಥೈಲ್ ಬ್ಯುಟೇನೇ.

ಅರ್ಧಂಬರ್ಧ ಇಂಜಿನಿಯರ್:
ಹೌದಲ್ಲ. ವಾಪಸ್ ತಗೊಂಡೆ.

ಕೊಬ್ಬರಿ ಊರಿನವಳು:
ಮೇಷ್ಟ್ರೇ, ಟ್ಯೂಷನ್ ಅಕ್ಕ, ತುಂಬಾ ಥ್ಯಾಂಕ್ಸ್. ಕಡಲೆಕಾಳು ನೆನೆಹಾಕಿದ್ದೇನೆ. ಆದರೂ ಒಂದು ಮಾತು. ಅವನು ಬರೆದ ಐದರಲ್ಲಿ ಸರಿಯಾದ ಮೂರೂ ಇವೆ ಅಲ್ವಾ? ಮತ್ತೆ 3 ಅಂಕ ಯಾಕಿಲ್ಲ?

ಹುಬ್ಬಳ್ಳಿ ಹುಡುಗ:
ಇದು ಅನ್ಯಾಯರೀ. ಮೂರು ಸರಿ ಅದಾವು ಅಂದಮ್ಯಾಲೆ ಮೂರು ಅಂಕ ಕೊಡಬೇಕು. ಜಾಸ್ತಿ ಬರೆದಿದ್ದಕ್ಕ ದಂಡ ಏನು?

ಪಿಯು ಲೆಕ್ಚರರ್:
ಅನ್ಯಾಯ ಇಲ್ಲ. ಎಷ್ಟು ಬೇರೆ ಬೇರೆ ಅಣು ಇವೆ ಅಂತ ಗುರುತಿಸುವುದೇ ಆ ಪ್ರಶ್ನೆಯ ಜೀವ. ಬಂದಷ್ಟು ಗೀಚಿ, ನೀವೇ ಆರಿಸಿಕೊಳ್ಳಿ ಅಂದರೆ ಆಗುತ್ತಾ? ಹತ್ತು ಬರೆದು ಅದರಲ್ಲಿ ಮೂರು ಸರಿ ಇದ್ದರೂ ಪೂರ್ತಿ ಅಂಕ ಕೊಡಬೇಕಾ? ಆದರೆ 1 ತೀರಾ ಕಡಿಮೆ ಆಯಿತು. ನಾನಾಗಿದ್ದರೆ 2 ಕೊಡುತ್ತಿದ್ದೆ.

ನಿವೃತ್ತ ಮೇಷ್ಟ್ರು:
ನಾನು ಎರಡೂವರೆ. ನಿವೃತ್ತಿ ಆದಮೇಲೆ ಕೈ ಧಾರಾಳ.

ಪಿಯು ಲೆಕ್ಚರರ್:
😀 ಸರಿ ಗುರುಗಳೇ. ಒಂದು ಗಂಭೀರ ವಿಷಯ ಸೇರಿಸುತ್ತೇನೆ. ಈ ಮೂರು ಪೆಂಟೇನ್‌ಗಳು ಹೆಸರಿಗೆ ಮಾತ್ರ ಬೇರೆ ಅಲ್ಲ. ಸಾಲು ಪೆಂಟೇನ್ ಕುದಿಯುವುದು 36 ಡಿಗ್ರಿ ಸೆಲ್ಸಿಯಸ್‌ಗೆ. ಒಂದು ಕೊಂಬೆಯದು 28ಕ್ಕೆ. ಮಧ್ಯೆ ಒಂದು ಸುತ್ತ ನಾಲ್ಕು ಇರುವುದು ಸುಮಾರು ಒಂಬತ್ತೂವರೆಗೇ ಕುದಿಯುತ್ತದೆ. ಬೆಂಗಳೂರಿನ ಮಾಮೂಲಿ ದಿನ ಮೇಜಿನ ಮೇಲೆ ಸಾಲು ಪೆಂಟೇನ್ ದ್ರವ, ಆ ಕೊನೆಯದು ಅನಿಲ. ಅದೇ ಸಾಲು ಪೆಂಟೇನನ್ನು ಏಪ್ರಿಲ್ ಮಧ್ಯಾಹ್ನ ರಾಯಚೂರಿಗೆ ಒಯ್ದರೆ ತಾನಾಗಿ ಕುದಿಯುತ್ತದೆ. ಅಣುಸೂತ್ರ ಮಾತ್ರ ಮೂರಕ್ಕೂ ಸಿ5ಎಚ್12. ನಿಮ್ಮ ಮಗ ಬರೆದ 1ನೆಯದನ್ನೂ 2ನೆಯದನ್ನೂ ಬೇರೆ ಬೇರೆ ಸೀಸೆಯಲ್ಲಿ ತುಂಬಿಡುವುದಕ್ಕೇ ಆಗುವುದಿಲ್ಲ. ಹುಡುಗನಿಗೆ ಹೀಗೆ ಹೇಳಿ: ಸಮಾಂಗಿ ಅಂದರೆ ಬೇರೆ ಸೀಸೆ.

ಕೊಬ್ಬರಿ ಊರಿನವಳು:
ಬೇರೆ ಸೀಸೆ. ಇದು ನನಗೇ ತಲೆಗೆ ಹೋಯಿತು ಸರ್. ಆದರೆ ಕೊಂಬೆ ಜಾಸ್ತಿ ಆದರೆ ಬೇಗ ಕುದಿಯೋದು ಯಾಕೆ? ತೂಕ ಅಷ್ಟೇ ಇದೆಯಲ್ಲ?

ಟ್ಯೂಷನ್ ಅಕ್ಕ:
ಶಾವಿಗೆ ಬೇಯಿಸಿ ಹಾಗೇ ಬಿಟ್ಟರೆ ಒಂದಕ್ಕೊಂದು ಅಂಟಿಕೊಂಡು ಮುದ್ದೆ ಆಗುತ್ತೆ. ಸಾಬುದಾಣಿ ಅಷ್ಟು ಅಂಟೋಲ್ಲ. ಉದ್ದದ್ದು ಪಕ್ಕದ್ದನ್ನು ಉದ್ದಕ್ಕೂ ಮುಟ್ಟುತ್ತೆ, ದುಂಡಗಿರೋದು ಒಂದು ಚುಕ್ಕೆಯಲ್ಲಿ ಮುಟ್ಟುತ್ತೆ. ಆಲ್ಕೇನ್, ಅಂದರೆ ಪೆಂಟೇನ್ ಥರ ಬರೀ ಒಂಟಿ ಬಂಧ ಇರುವ ಇಂಗಾಲ-ಜಲಜನಕದ ಅಣುಗಳ ನಡುವೆ ಇರೋದು ತೀರಾ ದುರ್ಬಲ ಸೆಳೆತ. ಮುಟ್ಟುವ ಜಾಗ ಕಡಿಮೆ ಆದರೆ ಅದೂ ಕಡಿಮೆ. ಬೇಗ ಬಿಟ್ಟು ಹಾರುತ್ತೆ.

ಸುಮ್ನೆ ಓದುವವ:
ಸಾಬುದಾಣಿ ಅಂಟೋಲ್ವಾ? ನಮ್ಮ ಮನೆಗೆ ಬನ್ನಿ ಒಂದು ಸಲ.

ಟ್ಯೂಷನ್ ಅಕ್ಕ:
ಸರಿ, ಸಾಸಿವೆಕಾಳು ಅಂತ ಇಟ್ಕೊಳ್ಳಿ!

ಕಾಫಿತೋಟ:
ಕುದಿಯುವ ಬಿಂದು ಅಂದಾಗ ನೆನಪಾಯಿತು. ನಾವು ಮಡಿಕೇರಿ ಕಡೆಯವರು. ಡಿಸೆಂಬರ್‌ನಲ್ಲಿ ಗ್ಯಾಸ್ ಸಿಲಿಂಡರ್ ಮುಗಿಯುತ್ತಾ ಬಂದಾಗ ಉರಿ ಸಣ್ಣಗಾಗುತ್ತದೆ. ಅಲ್ಲಾಡಿಸಿದರೆ ಒಳಗೆ ಇನ್ನೂ ಕುಲುಕುಲು ಅನ್ನುತ್ತದೆ, ಆದರೆ ಅನ್ನ ಬೇಯುವುದಿಲ್ಲ. ಮೊದಲು ಏಜೆನ್ಸಿಯವರ ಮೋಸ ಅಂದುಕೊಂಡಿದ್ದೆ. ಇದಕ್ಕೂ ಈ ಆಲ್ಕೇನ್‌ಗೂ ಸಂಬಂಧ ಇದೆಯಾ? ಎಲ್‌ಪಿಜಿ ಅಂದರೆ ಮೀಥೇನ್ ತಾನೇ?

ಪಿಯು ಲೆಕ್ಚರರ್:
ಮೀಥೇನ್ ಅಲ್ಲ. ನಮ್ಮ ಸಿಲಿಂಡರಿನಲ್ಲಿ ಮುಖ್ಯವಾಗಿ ಇರುವುದು ಪ್ರೊಪೇನ್ ಮತ್ತು ಬ್ಯುಟೇನ್. ಪ್ರೊಪೇನ್ ಕುದಿಯುವುದು ಮೈನಸ್ 42ಕ್ಕೆ, ಬ್ಯುಟೇನ್ ಹೆಚ್ಚುಕಡಿಮೆ ಸೊನ್ನೆಗೆ. ಒತ್ತಡದಲ್ಲಿ ಎರಡೂ ದ್ರವವಾಗಿ ಕೂತಿರುತ್ತವೆ. ನಾವು ಮೇಲಿನಿಂದ ಅನಿಲ ತೆಗೆಯುತ್ತೇವೆ. ಹಗುರ ಪ್ರೊಪೇನ್ ಮೊದಲು ಜಾಸ್ತಿ ಹಾರಿಹೋಗುತ್ತದೆ, ಕೊನೆಗೆ ಉಳಿಯುವುದರಲ್ಲಿ ಬ್ಯುಟೇನ್ ಪಾಲು ಹೆಚ್ಚು. ಚಳಿಯಲ್ಲಿ ಅದರ ಒತ್ತಡ ಕಡಿಮೆ. ಸಾಲದ್ದಕ್ಕೆ ದ್ರವ ಆವಿಯಾಗುವಾಗ ಸಿಲಿಂಡರೇ ತಣ್ಣಗಾಗುತ್ತದೆ. ಹೊರಗಡೆ ನೀರಹನಿ ಕಟ್ಟಿರುತ್ತದಲ್ಲ, ಅದೇ.

ಕಾಫಿತೋಟ:
ಓ ಹಾಗಾ! ನಮ್ಮತ್ತೆ ಅಂಥಾ ಟೈಮಲ್ಲಿ ಬಿಸಿನೀರಿನ ಟಬ್ಬಿನಲ್ಲಿ ಸಿಲಿಂಡರ್ ಇಡ್ತಾರೆ. ಉರಿ ಜೋರಾಗುತ್ತೆ.

ನಿವೃತ್ತ ಮೇಷ್ಟ್ರು:
ದಯವಿಟ್ಟು ಬೇಡ. ಉರಿ ಜೋರಾಗುತ್ತದೆ ಅಂದರೆ ಒಳಗೆ ಒತ್ತಡ ಏರಿದೆ ಅಂತ ಅರ್ಥ. ಕೆಲವರು ಮಲಗಿಸಿಯೂ ಉರಿಸುತ್ತಾರೆ, ಆಗ ದ್ರವವೇ ರೆಗ್ಯುಲೇಟರಿಗೆ ಬರುತ್ತದೆ. ಅತ್ತೆಯವರಿಗೆ ನನ್ನ ಹೆಸರು ಹೇಳಿ ಬೈಯಿರಿ, ಪರವಾಗಿಲ್ಲ.

ಚಳಿದೇಶದ ಕನ್ನಡಿಗ:
ಕ್ಯಾಲ್ಗರಿಯಿಂದ. ಇಲ್ಲಿ ಮೈನಸ್ 30 ಮಾಮೂಲಿ. ಹಿತ್ತಲಲ್ಲಿ ಸುಡುವ ಒಲೆಗೆ ಪ್ರೊಪೇನ್ ಸಿಲಿಂಡರ್. ಬಂದ ಹೊಸತರಲ್ಲಿ ಯಾರೋ ಕೊಟ್ಟ ಪುಟ್ಟ ಬ್ಯುಟೇನ್ ಸ್ಟೌ ತಗೊಂಡು ನವೆಂಬರಲ್ಲಿ ಬೆಟ್ಟಕ್ಕೆ ಹೋದೆವು. ಉಪ್ಪಿಟ್ಟು ಮಾಡೋ ಪ್ಲಾನು. ಡಬ್ಬಿ ತುಂಬಾ ಗ್ಯಾಸ್ ಇದೆ, ನಾಬ್ ತಿರುಗಿಸಿದರೆ ಉಸಿರೇ ಇಲ್ಲ. ಡಬ್ಬಿಯನ್ನು ಜಾಕೆಟ್ ಒಳಗೆ ಇಟ್ಟುಕೊಂಡು ಕಾಲು ಗಂಟೆ ಕೂತೆ. ಹತ್ತನೇ ಕ್ಲಾಸಿನ ಕುದಿಯುವ ಬಿಂದುವಿನ ಪಟ್ಟಿ ಅವತ್ತು ಅರ್ಥ ಆಯಿತು. ಉಪ್ಪಿಟ್ಟು ಮಾತ್ರ ಆಗಲಿಲ್ಲ, ಚಿಪ್ಸ್ ತಿಂದು ಬಂದೆವು.

ತೀರ್ಥಹಳ್ಳಿ ತೋಟ:
ಮೀಥೇನ್ ಅಂದರೆ ನಮ್ಮ ಗೋಬರ್ ಗ್ಯಾಸು. ಕೊಟ್ಟಿಗೆ ಪಕ್ಕ ಗುಂಡಿ ಇದೆ. ಬಹಳ ದಿನದ ಡೌಟು: ಇದನ್ನು ಸಿಲಿಂಡರಿಗೆ ತುಂಬಿ ಪೇಟೆಯಲ್ಲಿರೋ ಮಗಳ ಮನೆಗೆ ಯಾಕೆ ಕಳಿಸೋಕಾಗಲ್ಲ?

ಪಿಯು ಲೆಕ್ಚರರ್:
ಎರಡು ಕಾರಣ. ಒಂದು, ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ ಮೀಥೇನ್, ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. ಎರಡು, ಮೀಥೇನ್ ಸುಮಾರು ಮೈನಸ್ 82 ಡಿಗ್ರಿಗಿಂತ ಮೇಲೆ ಎಷ್ಟು ಒತ್ತಿದರೂ ದ್ರವ ಆಗುವುದಿಲ್ಲ. ಬ್ಯುಟೇನ್ ಸ್ವಲ್ಪ ಒತ್ತಿದರೆ ಸಾಕು, ದ್ರವವಾಗಿ ಪುಟ್ಟ ಜಾಗದಲ್ಲಿ ಕೂರುತ್ತದೆ. ಮೀಥೇನನ್ನು ಅನಿಲವಾಗಿಯೇ ಭಯಂಕರ ಒತ್ತಡದಲ್ಲಿ ತುಂಬಬೇಕು. ಆಟೋದ ಸಿಎನ್‌ಜಿ ಟ್ಯಾಂಕು ಅಷ್ಟು ದಪ್ಪ ಇರುವುದು ಅದಕ್ಕೇ.

ತೀರ್ಥಹಳ್ಳಿ ತೋಟ:
ಹಾಗಾದರೆ ಮಗಳು ಊರಿಗೇ ಬರಲಿ.

ಸುಮ್ನೆ ಓದುವವ:
ಎಲ್‌ಪಿಜಿ ವಾಸನೆ ಅಷ್ಟು ಕೆಟ್ಟದಿದೆಯಲ್ಲ, ಬ್ಯುಟೇನ್ ವಾಸನೆಯಾ ಅದು?

ಟ್ಯೂಷನ್ ಅಕ್ಕ:
ಅಲ್ಲ. ಆ ಆಲ್ಕೇನ್‌ಗಳಿಗೆ ವಾಸನೆ ಇಲ್ಲ ಅಂದರೂ ಸರಿ. ಸೋರಿದರೆ ಗೊತ್ತಾಗಲಿ ಅಂತ ಈಥೈಲ್ ಮರ್ಕ್ಯಾಪ್ಟನ್ ಬೆರೆಸುತ್ತಾರೆ. ಇದು ನನ್ನ ಮಕ್ಕಳಿಗೆ ಪಾಠಕ್ಕಿಂತ ಚೆನ್ನಾಗಿ ನೆನಪಿರುತ್ತೆ.

ಚಿತ್ರದುರ್ಗದ ಕೋಟೆ:
ನನ್ನ ಸಿಟ್ಟು ಬೇರೆ. ಪರ್ಯಾಪ್ತ, ಅಪರ್ಯಾಪ್ತ, ಅನುರೂಪ ಶ್ರೇಣಿ, ಆದೇಶನ ಕ್ರಿಯೆ. ಇದು ಯಾವ ಊರಿನ ಕನ್ನಡ? ಬಾಯಿಪಾಠ ಮಾಡಿ ಬರೆದು ಪಾಸಾದೆ. ಪಿಯುಗೆ ಹೋದರೆ ಅದೇ ವಿಷಯ ಇಂಗ್ಲಿಷಲ್ಲಿ. ಮೊದಲ ಮೂರು ತಿಂಗಳು ಲೆಕ್ಚರರ್ ಹೇಳೋದು ನಾನು ಓದಿದ್ದೇ ಅಂತ ಕೂಡ ಗೊತ್ತಾಗಲಿಲ್ಲ. ಮೊದಲಿನಿಂದಲೇ ಇಂಗ್ಲಿಷ್ ಪದ ಕೊಟ್ಟುಬಿಡಿ, ಮುಗೀತು.

ನಿವೃತ್ತ ಮೇಷ್ಟ್ರು:
ಇಂಗ್ಲಿಷ್ ಪದ ಕೊಟ್ಟ ಮಾತ್ರಕ್ಕೆ ಅರ್ಥ ಆಗುತ್ತದೆಯೇ? ಇಂಗ್ಲಿಷ್ ಮೀಡಿಯಂ ಮಕ್ಕಳೂ ಅದೇ ಐದು ಚಿತ್ರ ಬರೆಯುತ್ತಾರೆ. ಪದ ಗಟ್ಟಿ ಇರುವುದು ನಿಜ. ಆದರೆ ಒಡೆದು ಹೇಳಬೇಕು. ನಾನು ಕ್ಲಾಸಿನಲ್ಲಿ ಹೇಳುತ್ತಿದ್ದೆ: ಮದುವೆ ಊಟದ ಪಂಕ್ತಿ. ಹೊಟ್ಟೆ ತುಂಬಿದವನು ಎಲೆ ಮೇಲೆ ಎರಡೂ ಕೈ ಅಡ್ಡ ಹಿಡಿಯುತ್ತಾನೆ. ಅವನು ಪರ್ಯಾಪ್ತ. ಇಂಗಾಲದ ನಾಲ್ಕು ಕೈಯೂ ಒಂಟಿ ಬಂಧದಲ್ಲಿ ತುಂಬಿವೆ, ಜಾಗ ಇಲ್ಲ. ಅವನಿಗೆ ಹೋಳಿಗೆ ಬಡಿಸಲೇಬೇಕು ಅಂದರೆ ಎಲೆಯಿಂದ ಏನಾದರೂ ತೆಗೆಯಬೇಕು. ಅದು ಆದೇಶನ ಕ್ರಿಯೆ. ಬಿಸಿಲಿನಲ್ಲಿ ಕ್ಲೋರಿನ್ ಬಂದು ಮೀಥೇನ್‌ನಿಂದ ಒಂದು ಜಲಜನಕ ಎಬ್ಬಿಸಿ ತಾನು ಕೂರುವುದು ಹಾಗೆ. ಅಪರ್ಯಾಪ್ತನ ಎಲೆಯಲ್ಲಿ ಇನ್ನೂ ಜಾಗ ಇದೆ, ತೆಗೆಯದೆ ಬಡಿಸಬಹುದು. ಅದು ಸಂಕಲನ ಕ್ರಿಯೆ.

ಚಿತ್ರದುರ್ಗದ ಕೋಟೆ:
ನಿಮ್ಮ ಕ್ಲಾಸಿನಲ್ಲಿ ಕೂತಿದ್ದರೆ ಈ ಸಿಟ್ಟು ಇರುತ್ತಿರಲಿಲ್ಲ. ಆದರೆ ಎಲ್ಲ ಕಡೆ ನೀವಿಲ್ಲ ಸರ್. ಪದಕೋಶ ಒಂದು ಪುಟ ಎರಡೂ ಭಾಷೆಯಲ್ಲಿ ಕೊಟ್ಟರೆ ಏನು ಹೋಗುತ್ತಿತ್ತು? ನನ್ನ ಮಾತು ನಾನು ಬಿಡಲ್ಲ.

ಟ್ಯೂಷನ್ ಅಕ್ಕ:
ಅದಕ್ಕೆ ನನ್ನದೂ ಒಂದು ಓಟು. ನಾನು ನೋಟ್ಸ್‌ನ ಕೊನೇ ಹಾಳೆಯಲ್ಲಿ ಎರಡೂ ಪದ ಬರೆಸ್ತೀನಿ, ಹತ್ತನೇ ಕ್ಲಾಸಿನಲ್ಲೇ.

ಹುಬ್ಬಳ್ಳಿ ಹುಡುಗ:
ಮೀಥ್, ಈಥ್, ಪ್ರೊಪ್, ಬ್ಯುಟ್ ಅಂತ ಬಾಯಿಪಾಠ ಮಾಡೂದ್ರಾಗ ನನ್ನ ಅರ್ಧ ಆಯುಷ್ಯ ಹೋತು. ಐದರಿಂದ ಮುಂದ ಮಾತ್ರ ಸುಲಭ ಆತು. ನಮ್ಮ ಸರ್ ಹೇಳಿದ್ರು: ಪಂಚ ಅಂದ್ರ ಪೆಂಟ್, ಸಪ್ತ ಅಂದ್ರ ಹೆಪ್ಟ್, ಅಷ್ಟ ಅಂದ್ರ ಆಕ್ಟ್, ನವ ಅಂದ್ರ ನೋನ್, ದಶ ಅಂದ್ರ ಡೆಕ್. ಪಂಚಾಂಗ ಓದಿದಂಗ.

ಪಿಯು ಲೆಕ್ಚರರ್:
ಗ್ರೀಕ್, ಲ್ಯಾಟಿನ್, ಸಂಸ್ಕೃತ ಒಂದೇ ಮನೆತನದ ಭಾಷೆಗಳು, ಅದಕ್ಕೇ ಹೊಂದುತ್ತದೆ. ಮೊದಲ ನಾಲ್ಕು ಹೆಸರು ಎಣಿಕೆಯಿಂದ ಬಂದದ್ದಲ್ಲ. ಬ್ಯುಟ್ ಬಂದಿದ್ದು ಬೆಣ್ಣೆಯ ಲ್ಯಾಟಿನ್ ಹೆಸರಿನಿಂದ. ಹಳಸಿದ ಬೆಣ್ಣೆಯ ಕಮಟು ವಾಸನೆಗೆ ಬ್ಯುಟಿರಿಕ್ ಆಮ್ಲ ಕಾರಣ, ಅದರಲ್ಲಿ ನಾಲ್ಕು ಇಂಗಾಲ. 1866ರಲ್ಲಿ ಹಾಫ್‌ಮನ್ ಅನ್ನುವ ಜರ್ಮನ್ ರಸಾಯನ ವಿಜ್ಞಾನಿ ಹೆಸರಿಗೊಂದು ಕ್ರಮ ಸೂಚಿಸಿದ. ನಾಲ್ಕಕ್ಕೆ ಲ್ಯಾಟಿನ್ ಎಣಿಕೆಯ ಕ್ವಾರ್ಟೇನ್ ಅಂದಿದ್ದ. ಜನ ಕೇಳಲಿಲ್ಲ, ಬೆಣ್ಣೆಯೇ ಉಳಿಯಿತು.

ಸುಮ್ನೆ ಓದುವವ:
ಕ್ವಾರ್ಟೇನ್ ಅಂದರೆ ನಮ್ಮೂರಲ್ಲಿ ಬೇರೆ ಅರ್ಥ ಬರುತ್ತಿತ್ತು. ಒಳ್ಳೇದೇ ಆಯಿತು ಬಿಡಿ.

ಕೊಬ್ಬರಿ ಊರಿನವಳು:
ಎಲ್ಲರೂ ಎಲ್ಲೆಲ್ಲಿಗೋ ಹೋಗಿದ್ದೀರಿ, ನಾನು ಪೆಂಟೇನ್‌ಗೇ ವಾಪಸ್ ಬರ್ತೀನಿ 😀

ಬೆಳಿಗ್ಗೆ ಕಡಲೆಕಾಳು ಪ್ರಯೋಗ ಆಯಿತು. ಐದೂ ಚಿತ್ರ ಮಾಡಿಸಿದೆ, 25 ಕಾಳು. ಎರಡನೆಯದನ್ನು ಹಿಡಿದು ಕಾಳು ತಿರುಗಿಸಿದ. ತಿರುಗಿಸಿದ ಹಾಗೆ ಕಡ್ಡಿ ನೆಟ್ಟಗಾಯಿತು. "ಅಮ್ಮಾ, ಇದು ಮೊದಲನೇದೇ" ಅಂದ. ನಾಲ್ಕನೆಯದನ್ನು ನಾನು ಹೇಳೋ ಮೊದಲೇ ಮಗುಚಿ ಮೂರನೆಯದರ ಮೇಲೆ ಇಟ್ಟ. ಸರಿಯಾಗಿ ಕೂತಿತು. ಐದನೆಯದರಲ್ಲಿ ಒಂದು ತೊಂದರೆ. ಮಧ್ಯದ ಕಾಳಿಗೆ ನಾಲ್ಕು ಕಡ್ಡಿ ಚುಚ್ಚಿದರೆ ಎರಡು ಹೋಳಾಗುತ್ತೆ. ಮೂರು ಕಾಳು ಹಾಳಾಯಿತು. ಇನ್ನೊಂದು, ಚಿತ್ರದ ಹಾಗೆ ಕೂಡಿಸಿದ ಗುರುತಿನ ಥರ ಚುಚ್ಚಬೇಕಾ?

ನಿವೃತ್ತ ಮೇಷ್ಟ್ರು:
ಭೇಷ್! ಕೂಡಿಸಿದ ಗುರುತು ಬೇಡ, ಅದೂ ಬೋರ್ಡಿನ ಸುಳ್ಳೇ. ಕಾಳಿಗೆ ಕೆಳಗೆ ಮುಕ್ಕಾಲಿಯ ಹಾಗೆ ಮೂರು ಕಾಲು, ಮೇಲಕ್ಕೆ ನೆಟ್ಟಗೆ ಒಂದು. ಯಾವ ಎರಡು ಕಡ್ಡಿ ನೋಡಿದರೂ ನಡುವೆ 109.5 ಡಿಗ್ರಿ. ನಾಲ್ಕು ಕೈಗಳು ಒಂದರಿಂದ ಒಂದು ಆದಷ್ಟು ದೂರ ನಿಂತರೆ ಬರುವ ಆಕಾರ ಅದು. ಇಂಗಾಲ ಹೀಗೆ ಕೈ ಚಾಚುತ್ತದೆ ಅಂತ 1874ರಲ್ಲಿ ಹೇಳಿದವರು ವ್ಯಾಂಟ್ ಹಾಫ್ ಮತ್ತು ಲೆ ಬೆಲ್, ಇಬ್ಬರೂ ಬೇರೆ ಬೇರೆಯಾಗಿ. ಇಬ್ಬರಿಗೂ ಆಗ ಮೂವತ್ತು ತುಂಬಿರಲಿಲ್ಲ. ಕಾಳು ಒಡೆದರೆ ಗೋಧಿಹಿಟ್ಟಿನ ಉಂಡೆ ಮಾಡಿಕೊಳ್ಳಿ, ಸ್ವಲ್ಪ ಗಟ್ಟಿಯಾಗಿ ಕಲಸಿ.

ಪಿಯು ಲೆಕ್ಚರರ್:
ಹುಡುಗನಿಗೆ ಹುರುಪು ಬಂದಿದ್ದರೆ ಮುಂದಿನದು ಕೊಡಿ. ಆರು ಕಾಳಿಗೆ 5 ಸಮಾಂಗಿ, ಏಳು ಕಾಳಿಗೆ 9. ಎಂಟಕ್ಕೆ 18, ಹತ್ತಕ್ಕೆ 75. ಇಪ್ಪತ್ತಕ್ಕೆ 3,66,319. ಅಲ್ಲಿಗೆ ತಿಪಟೂರಿನ ಅಂಗಡಿಯ ಕಾಳೆಲ್ಲ ಖಾಲಿ. ಅಂದಹಾಗೆ ಏಳಕ್ಕೆ 9 ಅನ್ನುವುದು ರಚನಾ ಸಮಾಂಗಿ ಮಾತ್ರ. ಕನ್ನಡಿಬಿಂಬಗಳನ್ನೂ ಬೇರೆ ಅಂತ ಎಣಿಸಿದರೆ 11 ಆಗುತ್ತದೆ, ಯಾಕೆಂದರೆ 3-ಮೀಥೈಲ್ ಹೆಕ್ಸೇನ್ ಮತ್ತು

ಟ್ಯೂಷನ್ ಅಕ್ಕ:
ಸರ್, ಹತ್ತನೇ ಕ್ಲಾಸು. ಪಾಪ.

ಪಿಯು ಲೆಕ್ಚರರ್:
ಸರಿ, ನಿಲ್ಲಿಸಿದೆ.

ಅರ್ಧಂಬರ್ಧ ಇಂಜಿನಿಯರ್:
ಏಳರದ್ದು ನಾನೂ ಆಫೀಸಲ್ಲಿ ಕೂತು ಬರೆದೆ. 8 ಬಂತು. 9 ಅನ್ನೋದು ಗ್ಯಾರಂಟಿನಾ?

ಕೊಬ್ಬರಿ ಊರಿನವಳು:
ಇವನದೂ ಎಂಟಕ್ಕೇ ನಿಂತಿದೆ! ಸ್ಕೂಲಿನಿಂದ ಬಂದವನು ಇನ್ನೂ ಬಟ್ಟೆ ಬದಲಾಯಿಸಿಲ್ಲ, ಹಿಟ್ಟಿನ ಉಂಡೆ ಹಿಡಿದು ಕೂತಿದ್ದಾನೆ. ಅವರಜ್ಜಿ ಬೆಳಗಿನ ಕಡಲೆಕಾಳಿಗೆ ಒಗ್ಗರಣೆ ಹಾಕಿ ಉಸಲಿ ಮಾಡಿಬಿಟ್ಟರು, ಒಂದರಲ್ಲಿ ಕಡ್ಡಿ ಸಿಕ್ಕಿತು ಅಂತ ನನಗೆ ಬೈಗುಳ. ಯಾರೂ ಉತ್ತರ ಹೇಳಬೇಡಿ ಅಂತ ಬರೆಸ್ತಿದ್ದಾನೆ.

ಹುಬ್ಬಳ್ಳಿ ಹುಡುಗ:
3-ಈಥೈಲ್ ಪೆಂಟೇನ್.

ಟ್ಯೂಷನ್ ಅಕ್ಕ:
ಏ!!

ಅರ್ಧಂಬರ್ಧ ಇಂಜಿನಿಯರ್:
ಛೆ, ಅದೇ ಬಿಟ್ಟಿದ್ದು. ಎರಡು ಇಂಗಾಲದ ಕೊಂಬೆ ಅಂದರೆ ಉದ್ದದ ಸರಪಣಿಗೆ ಸೇರಿಬಿಡುತ್ತೆ ಅಂತ ಮೇಲೆ ಬೈಸಿಕೊಂಡಿದ್ದೆನಲ್ಲ, ಹೆದರಿ ಅದನ್ನು ಬರೆಯಲೇ ಇಲ್ಲ.

ಟ್ಯೂಷನ್ ಅಕ್ಕ:
ಐದರ ಸರಪಣಿಯ ನಟ್ಟನಡುವೆ ಇದ್ದರೆ ಸೇರಲ್ಲ ಸರ್. ಇರುವೆ ಎತ್ತ ತಿರುಗಿದರೂ ಐದೇ.

ಹುಬ್ಬಳ್ಳಿ ಹುಡುಗ:
ತಮ್ಮಾ, ತಪ್ಪಾತಪಾ. ಅಮ್ಮಗ ಹೇಳಿ ಎಂಟು ಕಾಳಿಂದು ಮಾಡು. 18 ಅದಾವು. ಈ ಸಲ ಬಾಯಿ ಬಿಡೂದಿಲ್ಲ.